ದವಡೆ ಕೀಲಿನ ನೋವಿನ ಜೊತೆ ಬದುಕುವುದು ಹೇಗೆ: ಕಿವಿ ಪಕ್ಕದಿಂದ ಸೊಂಟದವರೆಗೆ

ಯಾವ ನೋವು ಬಂದರೂ ನಮ್ಮಲ್ಲಿ "ಹಲ್ಲು ಕಚ್ಚಿಕೊಂಡು ಸಹಿಸ್ಕೋ" ಅನ್ನುತ್ತಾರೆ. ಒಂದು ನೋವಿಗೆ ಮಾತ್ರ ಈ ಮಾತು ಪೂರ್ತಿ ಉಲ್ಟಾ. ಹಲ್ಲು ಕಚ್ಚಿದಷ್ಟೂ ಅದು ಜಾಸ್ತಿಯಾಗುತ್ತದೆ. ಅದೇ ದವಡೆ ಕೀಲಿನ ನೋವು.

ನಾನು ಹೈಸ್ಕೂಲ್ ಟೀಚರ್. ದಿನಕ್ಕೆ ಐದು ಪೀರಿಯಡ್ ಮಾತು. ಒಂದು ಗೌರಿ ಹಬ್ಬದ ಮಾರನೇ ದಿನ ಚಕ್ಕುಲಿ ಕಚ್ಚಿದಾಗ ಕಿವಿ ಹತ್ತಿರ 'ಟಕ್' ಅಂತು. ವಾರ ಕಳೆಯುವಷ್ಟರಲ್ಲಿ ಕಿವಿನೋವು. ಕಿವಿ ಡಾಕ್ಟರ್ ನೋಡಿ "ಕಿವಿ ಚೆನ್ನಾಗೇ ಇದೆ" ಎಂದರು. ಹಲ್ಲಿನ ಡಾಕ್ಟರೊಬ್ಬರು ಒಂದು ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿದರು. ಹಲ್ಲಿನ ಜೀವ ಹೋಯಿತು, ನೋವು ಹೋಗಲಿಲ್ಲ. ಆಮೇಲೆ ಕುತ್ತಿಗೆ ಹಿಡಿದುಕೊಂಡಿತು, ಹೆಗಲು ಬಿಗಿಯಾಯಿತು, ಬೆಳಗ್ಗೆ ಏಳುವಾಗ ಮೈಯೆಲ್ಲ ಒನಕೆಯಲ್ಲಿ ಕುಟ್ಟಿದ ಹಾಗೆ. ಇದಕ್ಕೆಲ್ಲ ಒಂದು ಹೆಸರಿದೆ ಅಂತ ಗೊತ್ತಾಗಲು ಎರಡು ವರ್ಷ ಬೇಕಾಯಿತು.

ಆ ಎರಡು ವರ್ಷ ನಿಮಗೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಇಲ್ಲಿರುವುದರಲ್ಲಿ ಮುಕ್ಕಾಲು ಪಾಲು ಮನೆಯಲ್ಲೇ ಮಾಡುವ, ಬೇಡ ಅನಿಸಿದರೆ ಬಿಟ್ಟುಬಿಡಬಹುದಾದ ಸಣ್ಣ ಕೆಲಸಗಳು. ಅದು ಬೇಕೆಂದೇ ಹಾಗಿದೆ. ಈ ಕಾಯಿಲೆಯಲ್ಲಿ ವಾಪಸ್ ತೆಗೆದುಕೊಳ್ಳಲಾಗದ ಚಿಕಿತ್ಸೆಗೆ ಅವಸರಪಟ್ಟವರೇ ಜಾಸ್ತಿ ಕಷ್ಟಪಟ್ಟಿದ್ದಾರೆ.

ಹಂತ 1: ಇದು ಬೇರೇನೂ ಅಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಿ

ದವಡೆಯಲ್ಲಿ ನೋವು ಅಂದ ಮಾತ್ರಕ್ಕೆ ಕೀಲಿನದೇ ಆಗಬೇಕಿಲ್ಲ. ಕೆಲವು ನೋವುಗಳಿಗೆ ಕಾಯುವಂತಿಲ್ಲ.

ನಡೆಯುವಾಗ, ಮೆಟ್ಟಿಲು ಹತ್ತುವಾಗ ದವಡೆ ಹಿಡಿದು, ಜೊತೆಗೆ ಎದೆ ಭಾರ, ಬೆವರು, ಏದುಸಿರು ಬಂದರೆ ಅದು ಹೃದಯದ ನೋವಿರಬಹುದು. ದವಡೆ ತಜ್ಞರನ್ನು ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. 50 ದಾಟಿದವರಿಗೆ ಹೊಸದಾಗಿ ತಲೆನೋವು ಶುರುವಾಗಿ, ಕಣತಲೆ ಮುಟ್ಟಿದರೆ ನೋವು, ಅಗಿಯುತ್ತಾ ಹೋದಂತೆ ದವಡೆ ಸೋತು ನಿಲ್ಲಿಸಬೇಕಾಗುವುದು, ಕಣ್ಣು ಮಂಜಾಗುವುದು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇದು ಕಣತಲೆಯ ರಕ್ತನಾಳದ ಉರಿಯೂತ ಇರಬಹುದು. ತಡವಾದರೆ ದೃಷ್ಟಿಯೇ ಹೋಗಬಹುದು. ಕೆನ್ನೆಯಲ್ಲಿ ಕರೆಂಟ್ ಹೊಡೆದ ಹಾಗೆ ಕ್ಷಣಮಾತ್ರ ಚುಚ್ಚಿ ಹೋಗುವ ನೋವು ನರದ್ದು, ಅದರ ಔಷಧಿಯೇ ಬೇರೆ. ಜ್ವರ, ಮುಖ ಊದುವುದು, ತುಟಿ ಜೋಮು ಹಿಡಿಯುವುದು, ಬಾಯೊಳಗೆ ಮಾಯದ ಹುಣ್ಣು, ಕಾರಣವಿಲ್ಲದೆ ತೂಕ ಇಳಿಯುವುದು, ಇವೂ ಕಾಯುವ ಲಕ್ಷಣಗಳಲ್ಲ. ಗಾಯವಾದ ಕೆಲವು ದಿನಗಳಲ್ಲಿ ಬಾಯಿ ಬಿಗಿದುಕೊಂಡರೆ ಧನುರ್ವಾಯು ಇರಬಹುದು, ಅದೂ ತುರ್ತು.

ಇನ್ನೊಂದು ಮಾತು ನಮ್ಮ ಕಡೆಯವರಿಗೆ. ಅಡಿಕೆ ಸೀಮೆಯಲ್ಲಿ ಹುಟ್ಟಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ಅಡಿಕೆ, ಗುಟ್ಕಾ ಜಗಿಯುವವರಿಗೆ ಬಾಯಿ ಬರಬರುತ್ತಾ ಕಡಿಮೆ ತೆರೆಯುತ್ತಿದ್ದರೆ, ಖಾರ ತಿಂದರೆ ಒಳಗೆಲ್ಲ ಉರಿಯುತ್ತಿದ್ದರೆ, ಕೆನ್ನೆಯ ಒಳಭಾಗ ಬಿಳಿಚಿ ಚರ್ಮದಂತೆ ಗಡುಸಾಗಿದ್ದರೆ ಅದು ಕೀಲಿನ ತೊಂದರೆ ಅಲ್ಲ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು. ಅದು ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆ ಇರುವ ಸ್ಥಿತಿ. ತಂಬಾಕಿಲ್ಲದ ಬರೀ ಅಡಿಕೆಯಿಂದಲೂ ಬರುತ್ತದೆ. ಅಡಿಕೆ ಬಿಟ್ಟು ಹಲ್ಲಿನ ಆಸ್ಪತ್ರೆಗೆ ಹೋಗಿ ತೋರಿಸಿ.

ಹಂತ 2: ಒಳಗೆ ಏನಿದೆ ಅಂತ ಬೆರಳಲ್ಲೇ ನೋಡಿಕೊಳ್ಳಿ

ಎರಡೂ ಕಿವಿಯ ಮುಂದೆ ಒಂದೊಂದು ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಬೆರಳಡಿ ಉರುಳುವುದೇ ದವಡೆ ಕೀಲು. ಇದು ಬಾಗಿಲ ತಿರುಗಣೆಯ ಹಾಗೆ ಬರೀ ತಿರುಗುವುದಿಲ್ಲ. ಬಾಯಿ ದೊಡ್ಡದಾಗಿ ತೆರೆದಾಗ ದವಡೆಯ ತುದಿ ಮುಂದಕ್ಕೆ ಜಾರುತ್ತದೆ ಕೂಡ. ಎರಡು ಮೂಳೆಗಳ ನಡುವೆ ಒಂದು ಮೆತ್ತನೆಯ ಬಿಲ್ಲೆ ಇದೆ. ಅದು ಜಾಗ ತಪ್ಪಿ, ಬಾಯಿ ತೆರೆಯುವಾಗ ಮತ್ತೆ ಜಾಗಕ್ಕೆ ಬಂದು ಕೂರುವ ಸದ್ದೇ 'ಟಕ್'. ನೋವಿಲ್ಲದ ಬರೀ ಟಕ್ ಸದ್ದಿಗೆ ಚಿಕಿತ್ಸೆ ಬೇಡ. ಎಷ್ಟೋ ಜನರಿಗೆ ಆ ಸದ್ದು ಇರುತ್ತದೆ, ಜೀವನಪೂರ್ತಿ ತೊಂದರೆ ಕೊಡುವುದಿಲ್ಲ. ಸದ್ದು ನಿಂತು, ಅದೇ ಹೊತ್ತಿಗೆ ಬಾಯಿ ಅರ್ಧಕ್ಕೇ ಸಿಕ್ಕಿಕೊಂಡರೆ ಬಿಲ್ಲೆ ವಾಪಸ್ ಬರುತ್ತಿಲ್ಲ ಅಂತ ಅರ್ಥ. ಆಗ ಬೇಗ ತೋರಿಸಿ.

ಕೀಲಿನ ಹೆಸರು ಟಿಎಂಜೆ. ಕೀಲು ಮತ್ತು ಅಗಿಯುವ ಸ್ನಾಯುಗಳ ತೊಂದರೆಗಳಿಗೆ ಒಟ್ಟಾಗಿ ಟಿಎಂಡಿ ಅನ್ನುತ್ತಾರೆ. ಹೆಚ್ಚಿನವರಲ್ಲಿ ನೋವು ಕೀಲಿನದ್ದಕ್ಕಿಂತ ಸ್ನಾಯುವಿನದ್ದು. ಹಲ್ಲು ಬಿಗಿಯಾಗಿ ಕಚ್ಚಿ ಕೆನ್ನೆಯ ಹಿಂಭಾಗ ಮುಟ್ಟಿ ನೋಡಿ, ಗಟ್ಟಿಯಾಗಿ ಉಬ್ಬುತ್ತದಲ್ವಾ? ಅದು ಒಂದು. ಕಣತಲೆಯಲ್ಲಿ ಬೀಸಣಿಗೆಯ ಹಾಗೆ ಹರಡಿರುವುದು ಇನ್ನೊಂದು. ಈ ಎರಡು ಸ್ನಾಯು ಬಿಗಿದರೆ ನೋವು ಹಲ್ಲಿಗೆ, ಕಿವಿಗೆ, ತಲೆಗೆ ಹೋಗಿ ಕೂರುತ್ತದೆ. ನನ್ನ ರೂಟ್ ಕೆನಾಲ್ ಕಥೆ ಇದೇ.

ಬಾಯಿ ಎಷ್ಟು ತೆರೆಯುತ್ತದೆ ಅಂತ ಈಗಲೇ ಅಳೆದು ಬರೆದಿಡಿ. ಮಕ್ಕಳ ಸ್ಕೇಲ್ ಸಾಕು. ಮೇಲಿನ ಮುಂದಿನ ಹಲ್ಲಿನ ತುದಿಯಿಂದ ಕೆಳಗಿನದರ ತುದಿಗೆ ಸುಮಾರು 40ರಿಂದ 55 ಮಿಲಿಮೀಟರ್ ಇದ್ದರೆ ಸರಿ. ಸ್ಕೇಲ್ ಇಲ್ಲದಿದ್ದರೆ ನಿಮ್ಮದೇ ಮೂರು ಬೆರಳು ಒಂದರ ಕೆಳಗೊಂದು ಬರುವಂತೆ ಜೋಡಿಸಿ ಬಾಯೊಳಗೆ ಹಿಡಿಸುತ್ತವೆಯೇ ನೋಡಿ. ಬಲವಂತ ಬೇಡ. ಮುಂದೆ ಸುಧಾರಿಸುತ್ತಿದೆಯೋ ಇಲ್ಲವೋ ಅಂತ ಹೇಳಲು ಈ ಒಂದು ಅಂಕಿ ಬೇಕಾಗುತ್ತದೆ.

ಹಂತ 3: ದವಡೆ ನೋವಿಗೆ ಸೊಂಟ ಯಾಕೆ ನೋಯುತ್ತದೆ ಅನ್ನುವುದು ಅರ್ಥವಾಗಲಿ

"ದವಡೆ ಅಂತೀಯ, ಕುತ್ತಿಗೆ ಅಂತೀಯ, ಹೊಟ್ಟೆ ಅಂತೀಯ, ಯಾವುದಾದರೂ ಒಂದು ಹೇಳೇ." ನಮ್ಮತ್ತೆ ಕೇಳುತ್ತಿದ್ದರು. ತಪ್ಪಿಲ್ಲ, ನನಗೂ ಅದೇ ಅನುಮಾನ ಇತ್ತು.

ಕುತ್ತಿಗೆಯ ವಿಷಯ ಸುಲಭ. ಮುಖದಿಂದ ನೋವಿನ ಸುದ್ದಿ ತರುವ ನರವೂ ಕುತ್ತಿಗೆಯ ಮೇಲ್ಭಾಗದಿಂದ ಬರುವ ನರಗಳೂ ಮಿದುಳಿನ ಬುಡದಲ್ಲಿ ಒಂದೇ ಕಡೆ ಸೇರುತ್ತವೆ. ಸುದ್ದಿ ಯಾವ ಊರಿನದ್ದು ಅಂತ ಅಲ್ಲಿ ಗೊಂದಲ. ಹಾಗಾಗಿ ಕುತ್ತಿಗೆ ಬಿಗಿದರೆ ದವಡೆ, ದವಡೆ ಬಿಗಿದರೆ ಕುತ್ತಿಗೆ.

ಮೈಯೆಲ್ಲ ನೋಯುವುದಕ್ಕೆ ಕಾರಣ ಇನ್ನೂ ಆಳದಲ್ಲಿದೆ. ನೋವು ತಿಂಗಳುಗಟ್ಟಲೆ ಇದ್ದರೆ ನರಮಂಡಲ ತನ್ನ ದನಿಯನ್ನು ತಾನೇ ಏರಿಸಿಕೊಳ್ಳುತ್ತದೆ. ಊರ ಜಾತ್ರೆಯ ಮೈಕ್ ನೋಡಿದ್ದೀರಲ್ಲ, ವಾಲ್ಯೂಮ್ ಪೂರ್ತಿ ಏರಿಸಿದರೆ ಪಿಸುಮಾತೂ ಕೀರಲು ಕೂಗಾಗುತ್ತದೆ. ಹಾಗೆಯೇ ಸಣ್ಣ ಒತ್ತಡವೂ, ತಣ್ಣನೆ ಗಾಳಿಯೂ ನೋವಾಗುತ್ತದೆ. ನೋವು ನಿಜ, ನಾಟಕವಲ್ಲ. ಆದರೆ ನೋಯುವ ಪ್ರತಿ ಜಾಗದಲ್ಲೂ ಏನೋ ಹಾಳಾಗಿದೆ ಅಂತಲ್ಲ. ಇದು ಗೊತ್ತಾದ ದಿನ ನನ್ನ ಅರ್ಧ ಭಯ ಇಳಿಯಿತು.

ಟಿಎಂಡಿ ಇರುವವರಲ್ಲಿ ಮೈಗ್ರೇನ್, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯ, ಸೊಂಟನೋವು, ಐಬಿಎಸ್ ಅನ್ನುವ ಕರುಳಿನ ತೊಂದರೆ, ನಿದ್ದೆ ಸಾಲದ ಆಯಾಸ ಒಟ್ಟಿಗೆ ಕಾಣಿಸುವುದು ತುಂಬಾ ಸಾಮಾನ್ಯ. ಅಮೆರಿಕದಲ್ಲಿ 2006ರಲ್ಲಿ ಶುರುವಾದ ಒಪೆರಾ ಎಂಬ ದೊಡ್ಡ ಅಧ್ಯಯನದಲ್ಲಿ ದವಡೆ ನೋವಿಲ್ಲದ ಜನರನ್ನು ವರ್ಷಗಟ್ಟಲೆ ಗಮನಿಸಿ, ಯಾರಿಗೆ ಹೊಸದಾಗಿ ಟಿಎಂಡಿ ಬರುತ್ತದೆ ಅಂತ ನೋಡಿದರು. ಮೈಯಲ್ಲಿ ಬೇರೆ ಕಡೆ ನೋವಿದ್ದವರು, ನಿದ್ದೆ ಕೆಟ್ಟವರು ಮುಂದಿದ್ದರು. 2020ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮೀಸ್ ವರದಿಯೂ ಇದನ್ನು ಬರೀ ಹಲ್ಲಿನ ಡಾಕ್ಟರ ಪಾಲಿಗೆ ಬಿಡಬೇಡಿ, ವೈದ್ಯರೂ ಹಲ್ಲಿನ ಡಾಕ್ಟರೂ ಸೇರಿ ನೋಡಬೇಕು ಅಂತ ಹೇಳಿತು. ಹೆಂಗಸರಲ್ಲಿ ಇದು ಗಂಡಸರಿಗಿಂತ ಜಾಸ್ತಿ. 'ಹೆಂಗಸರ ಗೊಣಗಾಟ' ಅಂತ ತಳ್ಳಿಹಾಕಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಹಂತ 4: ಎರಡು ವಾರ ಬರೆದಿಡಿ

ದಿನಕ್ಕೆ ಮೂರು ಸಾಲು ಸಾಕು. ನೋವು ಹತ್ತಕ್ಕೆ ಎಷ್ಟು, ಏನು ತಿಂದೆ, ನಿದ್ದೆ ಹೇಗಿತ್ತು, ಮುಟ್ಟಿನ ದಿನವೋ, ಮಾತು ಜಾಸ್ತಿಯಾಯಿತೋ. ಬೆಳಗ್ಗೆ ಏಳುವಾಗಲೇ ನೋವು ಜಾಸ್ತಿ ಇದ್ದರೆ ರಾತ್ರಿ ಹಲ್ಲು ಮಸೆಯುತ್ತಿರಬಹುದು. ಸಂಜೆಗೆ ಏರಿದರೆ ಹಗಲಿನ ಬಿಗಿತ. ನನ್ನ ಡೈರಿಯಲ್ಲಿ ಪತ್ತೆಯಾದ ಕಳ್ಳ ಯಾರು ಗೊತ್ತಾ? ಪರೀಕ್ಷೆ ಪೇಪರ್ ತಿದ್ದುವುದು. ಪೇಪರ್ ಕಟ್ಟು ಬಿಚ್ಚಿದ ಕೂಡಲೇ ಹಲ್ಲಿಗೆ ಹಲ್ಲು ಸೇರುತ್ತಿತ್ತು.

ಹಂತ 5: ಸರಿಯಾದ ಬಾಗಿಲು ತಟ್ಟಿ

ಹಲ್ಲಿನ ಆಸ್ಪತ್ರೆಯ ಬೋರ್ಡ್‌ನಲ್ಲಿ ಹತ್ತು ವಿಭಾಗಗಳಿರುತ್ತವೆ. ನೀವು ಹುಡುಕಬೇಕಾದ್ದು 'ಓರಲ್ ಮೆಡಿಸಿನ್ ಅಂಡ್ ರೇಡಿಯಾಲಜಿ'. ಬಾಯಿ, ಮುಖದ ನೋವನ್ನು ಓದಿಕೊಂಡವರು ಇವರು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಿಂದ ಹಿಡಿದು ಮಂಗಳೂರು, ಮಣಿಪಾಲ, ದಾವಣಗೆರೆ, ಧಾರವಾಡದ ದಂತ ಕಾಲೇಜುಗಳವರೆಗೆ ನಮ್ಮ ರಾಜ್ಯದಲ್ಲಿ ಇಂಥ ಕಾಲೇಜುಗಳಿಗೆ ಬರವಿಲ್ಲ. ಕಾಲೇಜಿನಲ್ಲಿ ಕಾಯಬೇಕಾಗುತ್ತದೆ, ವಿದ್ಯಾರ್ಥಿಗಳು ಮೂರು ಸಲ ಅದೇ ಪ್ರಶ್ನೆ ಕೇಳುತ್ತಾರೆ. ಆದರೆ ಕೂತು ಕೇಳುತ್ತಾರೆ. ಈ ಕಾಯಿಲೆಗೆ ಅದೇ ಮುಖ್ಯ. ಮೈಯೆಲ್ಲ ನೋವಿದ್ದರೆ ಒಬ್ಬ ಫಿಸಿಷಿಯನ್ ಕೂಡ ನೋಡಲಿ. ಥೈರಾಯ್ಡ್, ರಕ್ತಹೀನತೆ, ವಿಟಮಿನ್ ಡಿ, ಕೀಲುವಾತ ಇವನ್ನೆಲ್ಲ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು. ಕೀಲುವಾತ ದವಡೆ ಕೀಲನ್ನೂ ಬಿಡುವುದಿಲ್ಲ.

ರೋಗ ಪತ್ತೆಗೆ 2014ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಪದ್ಧತಿ ಇದೆ. ಅದರ ಹೆಚ್ಚಿನ ಕೆಲಸ ಕೇಳಿ, ಮುಟ್ಟಿ, ಅಳೆದು ಆಗುತ್ತದೆ. ಡಾಕ್ಟರ್ ನಿಮ್ಮ ಕೆನ್ನೆ, ಕಣತಲೆ ಒತ್ತಿ "ನಿಮ್ಮ ನೋವು ಇದೇನಾ?" ಅಂತ ಕೇಳಿದರೆ ಸರಿಯಾದ ಕಡೆ ಬಂದಿದ್ದೀರಿ. ಅದೇ ಪದ್ಧತಿಯ ಇನ್ನೊಂದು ಭಾಗ ನಿದ್ದೆ, ಮನಸ್ಸು, ದಿನದ ಕೆಲಸ ಹೇಗಿದೆ ಅಂತ ಕೇಳುವುದು. ಅದನ್ನು ಕೇಳಿದರೆ ಬೇಜಾರಾಗಬೇಡಿ. ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೆಗೆಯುವ ಓಪಿಜಿ ಎಕ್ಸ್‌ರೇಯಲ್ಲಿ ಹಲ್ಲು, ಮೂಳೆ ಕಾಣುತ್ತದೆ, ಬಿಲ್ಲೆ ಕಾಣುವುದಿಲ್ಲ. ಬಿಲ್ಲೆಗೆ ಎಂಆರ್‌ಐ. ಎಲ್ಲರಿಗೂ ಅದು ಬೇಕಾಗುವುದಿಲ್ಲ, ಬಾಯಿ ಸಿಕ್ಕಿಕೊಂಡವರಿಗೆ ಬೇಕಾಗಬಹುದು.

ಹಂತ 6: ತುಟಿ ಸೇರಲಿ, ಹಲ್ಲು ಸೇರದಿರಲಿ

ಇಡೀ ಬರಹದಲ್ಲಿ ಒಂದನ್ನೇ ಮಾಡುತ್ತೇನೆ ಅಂದರೆ ಇದನ್ನು ಮಾಡಿ.

ಈಗ ಓದುತ್ತಿರುವಾಗ ನಿಮ್ಮ ಹಲ್ಲುಗಳು ತಾಗಿಕೊಂಡಿವೆಯಾ? ತಾಗಿರಬಾರದು. ಅಗಿಯುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗುವ ಕೆಲಸವೇ ಇಲ್ಲ. ನಡುವೆ 2ರಿಂದ 4 ಮಿಲಿಮೀಟರ್ ಸಂದು ಇರುವುದೇ ದವಡೆಯ ವಿಶ್ರಾಂತಿ. 'ನ್' ಅಂತ ಹೇಳಿ ಅಲ್ಲೇ ನಿಲ್ಲಿಸಿ. ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂದೆ ಅಂಗುಳಕ್ಕೆ ಮೆತ್ತಗೆ ಅಂಟಿದೆ, ಹಲ್ಲು ಬಿಟ್ಟಿವೆ. ಈಗ ತುಟಿ ಮಾತ್ರ ಮುಚ್ಚಿ, ಮೂಗಿನಲ್ಲಿ ಉಸಿರಾಡಿ. ಅಷ್ಟೇ.

ಇದನ್ನು ನೆನಪಿಡುವುದೇ ಕಷ್ಟ. ಜೋರಾಗಿ ಕಚ್ಚುವುದು ಮಾತ್ರವಲ್ಲ, ಸುಮ್ನೆ ತಾಗಿಸಿಕೊಂಡಿರುವುದೂ ಗಂಟೆಗಟ್ಟಲೆ ಆದರೆ ಸ್ನಾಯುವನ್ನು ದಣಿಸುತ್ತದೆ. ಹಾಗಾಗಿ ಗುರುತು ಇಟ್ಟುಕೊಳ್ಳಿ. ನಾನು ಹಾಜರಿ ಪುಸ್ತಕದ ಮೇಲೆ, ಫ್ರಿಜ್ ಮೇಲೆ, ಸ್ಕೂಟಿಯ ಮೀಟರ್ ಪಕ್ಕ ಕೆಂಪು ಬಿಂದಿ ಅಂಟಿಸಿದ್ದೆ. ಬಿಂದಿ ಕಂಡಾಗೆಲ್ಲ ಒಂದೇ ಪ್ರಶ್ನೆ: ಹಲ್ಲು ಬಿಟ್ಟಿದೆಯಾ, ಹೆಗಲು ಇಳಿದಿದೆಯಾ? ಬೆಂಗಳೂರಿನಲ್ಲಿ ಇರುವವರಿಗೆ ಪ್ರತಿ ಕೆಂಪು ಸಿಗ್ನಲ್ಲೂ ಬಿಂದಿಯೇ. ಮೊದಲ ವಾರ ನೋಡಿದಾಗೆಲ್ಲ ಕಚ್ಚಿಕೊಂಡೇ ಇದ್ದೆ, ಅಳು ಬರುವಷ್ಟು. ತಿಂಗಳು ಕಳೆದ ಮೇಲೆ ದವಡೆ ತಾನೇ ಬಿಡಲು ಕಲಿಯಿತು.

ಇದೇ ಪಟ್ಟಿಗೆ ಸೇರುವ ಚಟಗಳು: ಉಗುರು ಕಡಿಯುವುದು, ಪೆನ್ನು ಕಚ್ಚುವುದು, ಸೂಜಿದಾರವನ್ನು ಹಲ್ಲಿನಲ್ಲಿ ಕಡಿಯುವುದು, ಹೆಗಲಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಒಗ್ಗರಣೆ ಹಾಕುವುದು, ಗದ್ದಕ್ಕೆ ಕೈ ಊರಿ ಟಿವಿ ನೋಡುವುದು. ಹೆಲ್ಮೆಟ್ ಪಟ್ಟಿ ಗದ್ದವನ್ನು ಹಿಂದಕ್ಕೆ ಎಳೆಯುವಷ್ಟು ಬಿಗಿ ಇದ್ದರೆ ಅಳತೆ ಸರಿಯಿರುವ ಇನ್ನೊಂದು ಹೆಲ್ಮೆಟ್ ತೆಗೆದುಕೊಳ್ಳಿ. ಹಾಗಂತ ಪಟ್ಟಿ ಕಟ್ಟದೆ ಓಡಿಸಬೇಡಿ.

ಹಂತ 7: ಊಟ ಬದಲಿಸಿ, ಬಿಡಬೇಡಿ

ಈ ವಿಷಯದಲ್ಲಿ ನಾವು ಅದೃಷ್ಟವಂತರು. ಪ್ರಪಂಚದಲ್ಲಿ ಅಗಿಯದೆ ನುಂಗುವ ಊಟ ಅಂತ ಒಂದಿದ್ದರೆ ಅದು ರಾಗಿ ಮುದ್ದೆ. ಬಸ್ಸಾರು, ಉಪ್ಸಾರು ಜೊತೆ ದವಡೆಗೆ ಪೂರ್ತಿ ರಜೆ. ನೋವು ಜೋರಾಗಿರುವ ಒಂದೆರಡು ವಾರ ಇಡ್ಲಿ, ಮೆತ್ತಗಿನ ಪೊಂಗಲ್, ಬಿಸಿಬೇಳೆಬಾತ್, ನೀರುದೋಸೆ, ಮೊಸರನ್ನ, ಶಾವಿಗೆ, ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು ಇರಲಿ. ಉತ್ತರ ಕರ್ನಾಟಕದವರು ಕಡಕ್ ರೊಟ್ಟಿ ಬಿಟ್ಟು ಬಿಸಿ ಮೆತ್ತನೆ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ತಿನ್ನಬಹುದು. ಚಪಾತಿ ಮೆತ್ತಗಿದ್ದರೂ ಎಳೆದು ಎಳೆದು ಅಗಿಯಬೇಕಲ್ಲ, ಅದು ಮೋಸ ಮಾಡುತ್ತದೆ.

ದೂರ ಇಡಬೇಕಾದ್ದು ಚಕ್ಕುಲಿ, ನಿಪ್ಪಟ್ಟು, ಚಿಕ್ಕಿ, ಒಣಕೊಬ್ಬರಿ, ಗಟ್ಟಿ ಮಾಂಸ, ಚೂಯಿಂಗ್ ಗಮ್. ಸಂಕ್ರಾಂತಿಯಲ್ಲಿ ಕಬ್ಬು ಸಿಗಿಯುವುದನ್ನು ನಾನು ಬಿಟ್ಟೆ, ಎಳ್ಳು-ಬೆಲ್ಲವನ್ನು ಮಿಕ್ಸಿಗೆ ಹಾಕಿ ಪುಡಿ ಮಾಡಿ ತಿನ್ನುತ್ತೇನೆ. ನಗುವವರು ನಗಲಿ. ಸೇಬು, ಸೀಬೆ ಕಚ್ಚಬೇಡಿ, ತೆಳ್ಳಗೆ ಹೆಚ್ಚಿ. ತುತ್ತು ಚಿಕ್ಕದಿರಲಿ, ಆದಷ್ಟು ಎರಡೂ ಬದಿಯಲ್ಲಿ ಅಗಿಯಿರಿ. ಪಾನಿಪುರಿ ಒಂದೇ ಸಲ ಬಾಯಿಗೆ ಹಾಕುವ ಸಾಹಸ ಬೇಡ.

ಆದರೆ ತಿಂಗಳುಗಟ್ಟಲೆ ಗಂಜಿಯಲ್ಲೇ ಇರಬೇಡಿ. ಕೆಲಸವಿಲ್ಲದ ಸ್ನಾಯು ಇನ್ನಷ್ಟು ದುರ್ಬಲವಾಗುತ್ತದೆ. ನೋವು ಇಳಿದಂತೆ ಒಂದೊಂದೇ ವಾಪಸ್ ತನ್ನಿ.

ಹಂತ 8: ಶಾಖ, ಕೈ, ಕನ್ನಡಿ

ಸ್ನಾಯು ನೋವಿಗೆ ಒದ್ದೆ ಶಾಖ ಚೆನ್ನಾಗಿ ಹಿಡಿಯುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಅನ್ನು ಕೆನ್ನೆ, ಕಣತಲೆಗೆ 15-20 ನಿಮಿಷ ಇಡಿ. ಅಜ್ಜಿಯ ಉಪ್ಪಿನ ಗಂಟು ಕೂಡ ನಡೆಯುತ್ತದೆ. ಮೊದಲು ಮುಂಗೈಗೆ ಮುಟ್ಟಿಸಿ ನೋಡಿ, ಕೆನ್ನೆ ಸುಟ್ಟುಕೊಂಡವರನ್ನು ಕಂಡಿದ್ದೇನೆ. ಹೊಸದಾಗಿ ಪೆಟ್ಟಾಗಿದ್ದರೆ, ಕೀಲು ಊದಿ ಚುರುಗುಟ್ಟುತ್ತಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್ 10 ನಿಮಿಷ ಸಾಕು.

ಶಾಖದ ನಂತರ ಎರಡು ಬೆರಳಲ್ಲಿ ಕೆನ್ನೆಯ ಗಟ್ಟಿ ಜಾಗವನ್ನು ವೃತ್ತಾಕಾರದಲ್ಲಿ ಒಂದು ನಿಮಿಷ ಉಜ್ಜಿ, ಕಣತಲೆಗೂ ಅಷ್ಟೇ. ಸಿಹಿನೋವು ಬರಬಹುದು, ಕಣ್ಣೀರು ಬರಬಾರದು.

ಆಮೇಲೆ ಕನ್ನಡಿ ಮುಂದೆ ವ್ಯಾಯಾಮ. ಚಿಲಿ ದೇಶದ ಫಿಸಿಯೋಥೆರಪಿಸ್ಟ್ ಮರಿಯಾನೊ ರೊಕಬಾಡೊ ಅವರ ಹೆಸರಿನ ಪದ್ಧತಿಯಲ್ಲಿ ಆರು ವ್ಯಾಯಾಮ, ಪ್ರತಿಯೊಂದು ಆರು ಸಲ, ದಿನಕ್ಕೆ ಆರು ಹೊತ್ತು. ಶಾಲೆಗೆ ಹೋಗುವವಳಿಗೆ ಅದು ಆಗಲಿಲ್ಲ. ನಾನು ಉಳಿಸಿಕೊಂಡಿದ್ದು ನಾಲ್ಕು:

1. ನಾಲಿಗೆ ತುದಿಯನ್ನು ಅಂಗುಳಕ್ಕೆ ಅಂಟಿಸಿಯೇ ಬಾಯಿಯನ್ನು ನಿಧಾನ ತೆರೆಯಿರಿ. ನಾಲಿಗೆ ಬಿಡುವ ಮೊದಲೇ ನಿಲ್ಲಿಸಿ. ಗದ್ದ ಒಂದು ಬದಿಗೆ ವಾಲದೆ ನೇರ ಇಳಿಯುತ್ತಿದೆಯೇ ನೋಡಿ.
2. ಗದ್ದದ ಕೆಳಗೆ ಹೆಬ್ಬೆರಳಿಟ್ಟು ತೀರಾ ಹಗುರ ತಡೆ ಕೊಡಿ, ಅದರ ವಿರುದ್ಧ ಬಾಯಿ ತೆರೆಯಲು ನೋಡಿ. ಆರು ಸೆಕೆಂಡ್ ಹಿಡಿದು ಬಿಡಿ.
3. ಗೋಡೆಗೆ ಬೆನ್ನು ಕೊಟ್ಟು ನಿಂತು, ತಲೆ ಎತ್ತದೆ ತಗ್ಗಿಸದೆ ಗದ್ದವನ್ನು ಹಿಂದಕ್ಕೆ ಸರಿಸಿ. ಇಡೀ ದಿನ ಮೊಬೈಲ್ ನೋಡಿ ಮುಂದೆ ಚಾಚಿದ ಕುತ್ತಿಗೆಗೆ ಇದು ಔಷಧಿ.
4. ಎರಡೂ ಹೆಗಲನ್ನು ಹಿಂದಕ್ಕೆ, ಕೆಳಕ್ಕೆ ಎಳೆದು ಐದು ಸೆಕೆಂಡ್.

ಮಾಡಿದ ಮೇಲೆ ನೋವು ಹೆಚ್ಚಾಗಿ ಮಾರನೇ ದಿನದವರೆಗೂ ಉಳಿದರೆ ಅತಿಯಾಯಿತು ಅಂತ ಅರ್ಥ, ಅರ್ಧ ಮಾಡಿ. ಒಂದೆರಡು ಸಲ ಫಿಸಿಯೋಥೆರಪಿಸ್ಟ್ ಎದುರು ಮಾಡಿ ತೋರಿಸಿದರೆ ತಪ್ಪು ತಿದ್ದುತ್ತಾರೆ. ಯೋಗ ಮಾಡುವವರಿಗೆ ಒಂದು ಸೂಚನೆ: ಭ್ರಾಮರಿ ಒಳ್ಳೆಯದು, ತುಟಿ ಮುಚ್ಚಿ ಹಲ್ಲು ಬಿಟ್ಟು ಗುಂಯ್‌ಗುಡುವಾಗ ದವಡೆ ತಾನೇ ವಿಶ್ರಾಂತಿಯಲ್ಲಿರುತ್ತದೆ. ಬಾಯಿ ಪೂರ್ತಿ ಹಿಗ್ಗಿಸಿ ನಾಲಿಗೆ ಚಾಚುವ ಸಿಂಹಾಸನ ಸದ್ಯಕ್ಕೆ ಬೇಡ.

ಹಂತ 9: ರಾತ್ರಿ

ಬೋರಲು ಮಲಗಬೇಡಿ. ಕೈಯನ್ನು ದವಡೆ ಕೆಳಗೆ ಇಟ್ಟು ಮಲಗಬೇಡಿ. ಅಂಗಾತ, ಅಥವಾ ಕುತ್ತಿಗೆ ನೇರ ಇರುವಷ್ಟು ದಪ್ಪದ ದಿಂಬಿಟ್ಟು ಮಗ್ಗುಲಾಗಿ. ಸಂಜೆ ಕಾಫಿ ನಿಲ್ಲಿಸಿ, ನಾನು ಅತ್ತುಕೊಂಡೇ ನಿಲ್ಲಿಸಿದೆ. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿ, ಹಗಲೆಲ್ಲ ತೂಕಡಿಸುತ್ತಿದ್ದರೆ ಸ್ಲೀಪ್ ಅಪ್ನಿಯಾ ಪರೀಕ್ಷೆ ಮಾಡಿಸಿ.

ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ, ಅಂದರೆ ನೈಟ್ ಗಾರ್ಡ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಲ್ಲು ಸವೆಯದಂತೆ ಅದು ಕಾಯುತ್ತದೆ. ನೋವು ಹೋಗಿಸುತ್ತದೆಯೇ ಅನ್ನುವುದಕ್ಕೆ ಆಧಾರ ದುರ್ಬಲ. ಹಾಕುವುದಾದರೆ ನಿಮ್ಮ ಹಲ್ಲಿನ ಅಚ್ಚು ತೆಗೆದು ಮಾಡಿದ, ಇಡೀ ಸಾಲನ್ನು ಮುಚ್ಚುವ ಗಟ್ಟಿ ಗಾರ್ಡ್ ಇರಲಿ, ಆಗಾಗ ತೋರಿಸುತ್ತಿರಿ. ಕೆಲವೇ ಹಲ್ಲಿಗೆ ಕೂರುವ ಚಿಕ್ಕ ಗಾರ್ಡ್ ಅನ್ನು ಹಗಲು ರಾತ್ರಿ ಹಾಕಿದರೆ ಹಲ್ಲು ಸರಿದು ಕಚ್ಚುವ ರೀತಿಯೇ ಬದಲಾಗಬಹುದು. ಆನ್‌ಲೈನ್‌ನಲ್ಲಿ ಸಿಗುವ ಮೆತ್ತನೆಯದ್ದನ್ನು ನಾನು ರಾತ್ರಿಯಿಡೀ ಚೂಯಿಂಗ್ ಗಮ್ ಥರ ಜಗಿದೆ.

ಹಂತ 10: ಮಾತ್ರೆ ಮತ್ತು ಮನಸ್ಸು

ನೋವಿನ ಮಾತ್ರೆ ಹೊಸ ನೋವಿಗೆ ಕೆಲವು ದಿನ ಸಹಾಯ ಮಾಡುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಡೈಕ್ಲೊಫೆನಾಕ್ ಅನ್ನು ತಿಂಗಳುಗಟ್ಟಲೆ ನುಂಗುವುದು ಹೊಟ್ಟೆಗೂ ಕಿಡ್ನಿಗೂ ಅಪಾಯ. ಅಸಿಡಿಟಿ, ಬಿಪಿ, ಅಸ್ತಮಾ ಇದ್ದವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ದೀರ್ಘಕಾಲದ ನೋವಿಗೆ ಡಾಕ್ಟರ್ ಕೆಲವೊಮ್ಮೆ ರಾತ್ರಿ ಕಡಿಮೆ ಪ್ರಮಾಣದಲ್ಲಿ ಅಮಿಟ್ರಿಪ್ಟಿಲಿನ್ ಬರೆಯುತ್ತಾರೆ. ಮೆಡಿಕಲ್ ಶಾಪ್‌ನವರು "ಇದು ಡಿಪ್ರೆಶನ್ ಮಾತ್ರೆ" ಎಂದಾಗ ನಾನು ಚೀಟಿ ಮಡಚಿ ವಾಪಸ್ ಬಂದಿದ್ದೆ. ಖಿನ್ನತೆಗೆ ಕೊಡುವುದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ, ನರದ ವಾಲ್ಯೂಮ್ ಇಳಿಸಲು ಕೊಡುವುದದು. ಬಾಯಿ ಒಣಗಬಹುದು, ಬೆಳಗ್ಗೆ ಮಂಪರು ಇರಬಹುದು. ಇನ್ನೊಂದು ವಿಷಯ, ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಹಲ್ಲು ಕಚ್ಚುವುದು ಜಾಸ್ತಿಯಾಗುತ್ತದೆ. ಹಾಗಾದರೆ ಬರೆದ ಡಾಕ್ಟರಿಗೆ ಹೇಳಿ, ನೀವಾಗೇ ನಿಲ್ಲಿಸಬೇಡಿ.

ಬ್ರಿಟಿಷ್ ಮೆಡಿಕಲ್ ಜರ್ನಲ್ 2023ರಲ್ಲಿ ಒಂದು ಮಾರ್ಗಸೂಚಿ ಪ್ರಕಟಿಸಿತು, ಮೂರು ತಿಂಗಳು ದಾಟಿದ ಟಿಎಂಡಿ ನೋವಿಗೆ. ಅದು ಗಟ್ಟಿಯಾಗಿ ಬೆಂಬಲಿಸಿದ್ದು ಏನನ್ನು? ಮೇಲ್ವಿಚಾರಣೆಯಲ್ಲಿ ಮಾಡುವ ದವಡೆ ಮತ್ತು ಭಂಗಿಯ ವ್ಯಾಯಾಮ, ಥೆರಪಿಸ್ಟ್ ಕೈಯಲ್ಲಿ ಸಡಿಲಿಸುವುದು, ಮನೆಯ ವ್ಯಾಯಾಮ ಮತ್ತು ತಿಳಿವಳಿಕೆ, ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ಬೊಟಾಕ್ಸ್, ಲೇಸರ್, ಕೀಲಿಗೆ ಇಂಜೆಕ್ಷನ್ ಇವೆಲ್ಲ 'ಸಾಮಾನ್ಯವಾಗಿ ಬೇಡ' ಅನ್ನುವ ಸಾಲಿಗೆ ಹೋದವು, ಗಾರ್ಡ್ ಕೂಡ. ಅಂದರೆ ದುಬಾರಿ ಎಲ್ಲ ಕೆಳಗೆ, ಅಗ್ಗದ್ದು ಮೇಲೆ.

ಸಿಬಿಟಿ ಅಂದರೆ ನೋವು ಸುಳ್ಳು ಅಂತಲ್ಲ. "ಅಯ್ಯೋ ಮತ್ತೆ ಶುರುವಾಯ್ತು, ಇನ್ನು ಮುಗೀತು" ಅಂತ ಮನಸ್ಸು ಓಡುವ ದಾರಿಯನ್ನು ಬದಲಿಸುವ ಅಭ್ಯಾಸ. ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಇಲ್ಲದ ಊರಿನವರು, ನೋವಿನಿಂದ ಮನಸ್ಸು ಕುಸಿದಿದೆ ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಮೈನೋವಿಗೆ ನಡಿಗೆಯಷ್ಟು ಒಳ್ಳೆಯದು ನನಗೆ ಇನ್ನೊಂದು ಸಿಕ್ಕಿಲ್ಲ. ಆದರೆ ಹೇಗೆ ಅನ್ನುವುದು ಮುಖ್ಯ. ಚೆನ್ನಾಗಿರುವ ದಿನ ಮನೆ ತೊಳೆದು, ಹಪ್ಪಳ ಹಾಕಿ, ಬೀರು ಜೋಡಿಸಿ, ಮುಂದಿನ ಮೂರು ದಿನ ಹಾಸಿಗೆ ಹಿಡಿಯುವುದು ನಮ್ಮೆಲ್ಲರ ಕಥೆ. ಅದರ ಬದಲು ಕೆಟ್ಟ ದಿನವೂ ಆಗುವಷ್ಟು ಸಣ್ಣ ಅಳತೆ ಇಟ್ಟುಕೊಳ್ಳಿ. ನನ್ನದು ಹತ್ತು ನಿಮಿಷದಿಂದ ಶುರುವಾಯಿತು. ವಾರಕ್ಕೆ ಒಂದೆರಡು ನಿಮಿಷ ಏರಿಸಿದೆ. ಚೆನ್ನಾಗಿದ್ದ ದಿನವೂ ಅಷ್ಟೇ, ಜಾಸ್ತಿ ಇಲ್ಲ.

ಹಂತ 11: "ಬೇಡ" ಅನ್ನಲು ಕಲಿಯಿರಿ

"ನಿಮ್ಮ ಹಲ್ಲು ಸರಿಯಾಗಿ ಕೂರುತ್ತಿಲ್ಲ, ಸ್ವಲ್ಪ ತೇಯ್ದರೆ ಎಲ್ಲ ಸರಿಹೋಗುತ್ತೆ" ಅಂತ ಯಾರಾದರೂ ಹೇಳಿದರೆ ಕುರ್ಚಿಯಿಂದ ಎದ್ದುಬಿಡಿ. ಈ ಯೋಚನೆ ಹಳೆಯದು. 1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲಿನ ಡಾಕ್ಟರ್ ಜೇಮ್ಸ್ ಕಾಸ್ಟೆನ್ ಹಿಂದಿನ ಹಲ್ಲು ಹೋಗಿ 'ಕಚ್ಚು', ಅಂದರೆ ಮೇಲಿನ-ಕೆಳಗಿನ ಹಲ್ಲು ಕೂರುವ ರೀತಿ, ಕೆಟ್ಟರೆ ಕಿವಿ, ದವಡೆ ನೋವು ಬರುತ್ತದೆ ಅಂತ ಬರೆದರು. ಆಮೇಲೆ ತಲೆಮಾರುಗಳ ಕಾಲ ಹಲ್ಲು ತೇಯ್ದಿದ್ದೇ ತೇಯ್ದಿದ್ದು. ಕಚ್ಚು ಸರಿ ಮಾಡಿದರೆ ನೋವು ಹೋಗುತ್ತದೆ ಅನ್ನುವುದಕ್ಕೆ ಒಳ್ಳೆಯ ಆಧಾರ ಇಲ್ಲ. ನೋವಿಗೆ ಅಂತಲೇ ಕ್ಲಿಪ್ ಹಾಕಿಸುವುದು, ಎಲ್ಲ ಹಲ್ಲಿಗೂ ಕ್ಯಾಪ್ ಹಾಕಿಸುವುದು, ಹಲ್ಲು ಕೀಳಿಸುವುದು, ಇವೂ ಅಷ್ಟೇ.

ಆಪರೇಷನ್ ಅಂತೂ ಕೊನೆಯ ಮಾತು. 1980ರ ದಶಕದಲ್ಲಿ ಅಮೆರಿಕದಲ್ಲಿ ಬಿಲ್ಲೆ ತೆಗೆದು, ಅದರ ಜಾಗಕ್ಕೆ ವಿಟೆಕ್ ಕಂಪನಿಯ ಟೆಫ್ಲಾನ್ ಸೇರಿದ ಹಾಳೆ ಇಟ್ಟರು. ಅದು ಒಳಗೆ ಪುಡಿಯಾಗಿ ಮೂಳೆಯನ್ನೇ ತಿಂದಿತು. 1990ರ ದಶಕದ ಆರಂಭದಲ್ಲಿ ಅದನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು, ಹಾಕಿಸಿಕೊಂಡವರು ಮತ್ತೆ ಮತ್ತೆ ಆಪರೇಷನ್ ಮಾಡಿಸಿಕೊಂಡರು. ಕೀಲು ಮೂಳೆಗೆ ಅಂಟಿ ಬೆಸೆದವರಿಗೆ, ಗಡ್ಡೆ ಇರುವವರಿಗೆ ಆಪರೇಷನ್ ಬೇಕೇ ಬೇಕು. ಉಳಿದವರು ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯದೆ ಸಹಿ ಹಾಕಬೇಡಿ.

ಹಂತ 12: ಕೆಟ್ಟ ದಿನದ ಚೀಟಿ

ನೋವು ಉಕ್ಕುವ ದಿನ ಯೋಚನೆ ಓಡುವುದಿಲ್ಲ. ಹಾಗಾಗಿ ಮೊದಲೇ ಬರೆದಿಡಿ. ನನ್ನ ಚೀಟಿ ಇಷ್ಟೇ: ಮೂರು ದಿನ ಮೆತ್ತನೆ ಊಟ, ದಿನಕ್ಕೆ ಮೂರು ಸಲ ಶಾಖ, ವ್ಯಾಯಾಮ ಅರ್ಧ, ಪಾಠ ಕಡಿಮೆ ಬೋರ್ಡ್ ಜಾಸ್ತಿ, ಹತ್ತು ನಿಮಿಷ ನಡಿಗೆ ಬಿಡುವಂತಿಲ್ಲ, ಗೂಗಲ್‌ನಲ್ಲಿ ಹುಡುಕುವಂತಿಲ್ಲ. ಮನೆಯವರಿಗೂ ಒಂದು ಪ್ರತಿ ಕೊಟ್ಟಿದ್ದೇನೆ. "ಹೇಗಿದೆ ನೋವು?" ಅಂತ ಗಂಟೆಗೊಮ್ಮೆ ಕೇಳುವುದಕ್ಕಿಂತ ಟವೆಲ್ ಬಿಸಿ ಮಾಡಿಕೊಡಿ ಅಂತ ಅದರಲ್ಲೇ ಬರೆದಿದೆ.

ಆಕಳಿಸುವಾಗ ಗದ್ದದ ಕೆಳಗೆ ಮುಷ್ಟಿ ಆನಿಸಿ, ಬಾಯಿ ಅತಿಯಾಗಿ ತೆರೆಯದು. ಆಕಳಿಸಿ ಬಾಯಿ ತೆರೆದೇ ಉಳಿದು ಮುಚ್ಚಲು ಆಗದಿದ್ದರೆ ಕೀಲು ತಪ್ಪಿದೆ. ಯಾರೂ ಗುದ್ದಿ ಕೂರಿಸಲು ಹೋಗಬಾರದು, ನೇರ ಆಸ್ಪತ್ರೆಗೆ.

ಹಂತ 13: ಹಲ್ಲಿನ ಕುರ್ಚಿಯಲ್ಲಿ

ಟಿಎಂಡಿ ಇದೆ ಅಂತ ಹಲ್ಲು ತೋರಿಸುವುದನ್ನೇ ನಿಲ್ಲಿಸುವವರಿದ್ದಾರೆ, ನಾನೂ ನಿಲ್ಲಿಸಿದ್ದೆ. ಹುಳುಕು ಮಾತ್ರ ನಿಲ್ಲಲಿಲ್ಲ. ಈಗ ಕೂರುವ ಮೊದಲೇ ಹೇಳುತ್ತೇನೆ: ನನಗೆ ದವಡೆ ಕೀಲಿನ ತೊಂದರೆ ಇದೆ, ಕೆಲಸವನ್ನು ಎರಡು ಸಲಕ್ಕೆ ಹಂಚಿ, ಐದು ನಿಮಿಷಕ್ಕೊಮ್ಮೆ ಬಾಯಿ ಮುಚ್ಚಲು ಬಿಡಿ, ಕಚ್ಚಿ ಹಿಡಿಯಲು ರಬ್ಬರ್ ಬ್ಲಾಕ್ ಇದ್ದರೆ ಕೊಡಿ, ಕೆಳದವಡೆ ಹಲ್ಲಿನ ಕೆಲಸ ಮಾಡುವಾಗ ಗದ್ದಕ್ಕೆ ಕೈ ಆನಿಸಿ. ನೋವು ಕಡಿಮೆ ಇರುವ ಬೆಳಗಿನ ಹೊತ್ತಿಗೆ ಅಪಾಯಿಂಟ್‌ಮೆಂಟ್. ಹೋಗುವ ಮೊದಲು ಶಾಖ, ಬಂದ ಮೇಲೆ ಶಾಖ, ಆ ರಾತ್ರಿ ಮುದ್ದೆ. ಎಡಗೈ ಎತ್ತಿದರೆ ನಿಲ್ಲಿಸಬೇಕು ಅಂತ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಬಾಯಲ್ಲಿ ಅಷ್ಟೆಲ್ಲ ಸಾಮಾನು ಇರುವಾಗ ಮಾತಾಡಲು ಆಗುವುದಿಲ್ಲವಲ್ಲ.